ನಡುಮನೆಯ ಮೂರನೇ ಕ್ಯಾಮೆರಾ

ಹಲ್ಲಿಯ ಹಿಕ್ಕೆ ಒಣಗಿದ ಮೇಲೆ ಉಗುರು ಹಾಕಿ ಕೆರೆದರೂ ಬಿಡುವುದಿಲ್ಲ. ಒದ್ದೆ ಬಟ್ಟೆ ಒತ್ತಿ ನೆನೆಸಿ, ಹಳೆಯ ಹಲ್ಲುಬ್ರಶ್ಶಿನಿಂದ ತಿಕ್ಕಬೇಕು. ಸ್ವಪ್ನಾ ಒಂಬತ್ತು ವರ್ಷದಿಂದ ಮನೆ ಮನೆಗೆ ಕ್ಯಾಮೆರಾ ಕೂರಿಸುತ್ತ, ಕೆಟ್ಟದ್ದನ್ನು ರಿಪೇರಿ ಮಾಡುತ್ತ ಬಂದಿದ್ದಾಳೆ. ಇವತ್ತಿಗೂ ಅವಳ ಮೂಗು ಆ ವಾಸನೆಗೆ ಒಗ್ಗಿಲ್ಲ. ಕತ್ತಲಲ್ಲೂ ಕಾಣಲೆಂದು ಕ್ಯಾಮೆರಾದೊಳಗೆ ಸಣ್ಣ ಕೆಂಪು ದೀಪಗಳಿರುತ್ತವೆ. ದೀಪಕ್ಕೆ ಹುಳ ಮುತ್ತುತ್ತವೆ, ಹುಳಕ್ಕೆ ಹಲ್ಲಿ ಬರುತ್ತದೆ, ಹಲ್ಲಿ ಬಿಟ್ಟದ್ದರ ಮೇಲೆ ಜೇಡ ಬಲೆ ಕಟ್ಟುತ್ತದೆ. ವೈರು ಕೂಡಿಸಿದ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿದರೆ ಒಳಗೆ ಮೊಟ್ಟೆ, ಸತ್ತ ಜಿರಳೆಯ ಕಾಲು, ಇರುವೆ ತಂದಿಟ್ಟ ಮಣ್ಣು. ಊರ ಕಳ್ಳರನ್ನೆಲ್ಲ ಹಿಡಿಯುತ್ತೇನೆಂದು ಗೋಡೆ ಏರಿದ ಯಂತ್ರ ಕಡೆಗೆ ಹಿಡಿದದ್ದು ಇಷ್ಟೇ.

ಆದರೂ ಹಲ್ಲಿಯ ಹೊಲಸು ಎಷ್ಟೋ ವಾಸಿ, ತಿಕ್ಕಿದರೆ ಹೋಗುತ್ತದೆ. ಅವಳಿಗೆ ಹೆಚ್ಚು ಹೇಸಿಗೆ ಹುಟ್ಟಿಸುತ್ತಿದ್ದದ್ದು ಮನೆಯವರ ಬೇಡಿಕೆಗಳು. ಕಳ್ಳರ ಹೆಸರು ಹೇಳಿ ಕರೆಯುತ್ತಾರೆ, ಕಡೆಗೆ ಕ್ಯಾಮೆರಾದ ಮೂತಿ ಮನೆಯವರ ಕಡೆಗೇ ತಿರುಗುತ್ತದೆ. ಒಬ್ಬರಿಗೆ ಬಾಡಿಗೆಯವರು ದಿನಕ್ಕೆ ಎಷ್ಟು ಕೊಡ ನೀರು ಹಿಡಿಯುತ್ತಾರೆಂದು ಎಣಿಸಬೇಕು. ರಾಯಚೂರಿನ ಒಬ್ಬ ನಿವೃತ್ತ ಅಧಿಕಾರಿ ‘ಇನ್ನ ಸ್ವಲ್ಪ ಬಲಕ್ಕ, ಇನ್ನ ಸ್ವಲ್ಪ’ ಎನ್ನುತ್ತ ತನ್ನ ಗೇಟು ಚಿತ್ರದಿಂದ ಪೂರ್ತಿ ಮಾಯವಾಗಿ ಎದುರುಮನೆಯ ಬಾಗಿಲು ನಟ್ಟನಡುವೆ ಬರುವವರೆಗೂ ಬಿಟ್ಟಿರಲಿಲ್ಲ. ಯಾಪಲದಿನ್ನಿಯ ಒಬ್ಬ ಅಪ್ಪನಿಗೆ ಓದಲು ಕೂತ ಮಗಳು ಪುಸ್ತಕ ನೋಡುತ್ತಾಳೋ ಗೋಡೆ ನೋಡುತ್ತಾಳೋ ಗೊತ್ತಾಗಬೇಕಿತ್ತು. ಇಂಥವರ ಮನೆಯಲ್ಲಿ ಚಹಾ ಕೊಟ್ಟರೆ ಅವಳು ‘ಈಗ ಕುಡದ್ ಬಂದೀನ್ರಿ’ ಎಂದು ಲೋಟ ಮುಟ್ಟದೆ ಎದ್ದು ಬರುತ್ತಿದ್ದಳು. ಚಹಾ ಬಿಟ್ಟರೂ ಕೆಲಸ ಬಿಡುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಅವಳೂ ಅವಳ ಗಂಡ ಕೊಟ್ರೇಶನೂ ಸೇರಿ ರಾಯಚೂರಿನ ಗಂಜ್ ರಸ್ತೆಯಲ್ಲಿ ಅಂಗಡಿ ನಡೆಸುತ್ತಿದ್ದರು. ಮಿಲ್ಲು, ಗೋದಾಮು, ಕಂಬ ಹತ್ತುವ ಕೆಲಸವೆಲ್ಲ ಅವನದು. ಮನೆಯೊಳಗಿನದು ಇವಳದು. ಹೆಂಗಸರಿರುವ ಮನೆಯ ಒಳಕೋಣೆಗೆ ಪರ ಗಂಡಸನ್ನು ಏಣಿ ಸಮೇತ ಬಿಟ್ಟುಕೊಳ್ಳುವುದು ಹೇಗೆ ಎಂದು ಹಿಂದೆಮುಂದೆ ನೋಡುವ ಜನಕ್ಕೆ ಹೆಣ್ಣುಮಗಳೊಬ್ಬಳು ಡ್ರಿಲ್ಲಿಂಗ್ ಮಶಿನ್ ಹಿಡಿದು ಬಂದದ್ದು ಬಹಳ ಅನುಕೂಲವಾಗಿತ್ತು. ಮಾನ್ವಿ, ದೇವದುರ್ಗ, ಕವಿತಾಳದವರೆಗೂ ಅವಳ ಹೆಸರು ನಡೆಯಿತು. ‘ಸ್ವಪ್ನಾ ಬರೋದಾದ್ರ ಒಳಗ ಹಾಕಸ್ತೀವಿ’ ಎನ್ನುವವರೇ ಹೆಚ್ಚು.

ಅವರ ಅಂಗಡಿಯ ಒಂದು ಪದ್ಧತಿ ಇತ್ತು. ಯಾವ ಮನೆಯ ಕ್ಯಾಮೆರಾ ಆದರೂ ಮೊದಲು ಅಂಗಡಿಯ ಖಾತೆಗೆ ಜೋಡಿಸಿ, ಅಲ್ಲಿಂದ ಮನೆಯವರ ಮೊಬೈಲಿಗೆ ಬಿಡುವುದು. ಆ್ಯಪಿನಲ್ಲಿ ಖಾತೆ ತೆರೆಯುವುದು, ಪಾಸ್‌ವರ್ಡ್ ನೆನಪಿಡುವುದು ಗಿರಾಕಿಗಳಿಗೆ ಆಗದ ಮಾತು. ಏನಾದರೂ ಕೆಟ್ಟರೆ ರಾಯಚೂರಿನಲ್ಲಿ ಕೂತೇ ಸರಿಮಾಡಬಹುದು, ಬಸ್ಸು ಹತ್ತುವ ಕೆಲಸ ಉಳಿಯುತ್ತದೆ. ಗಿರಾಕಿಗಳಿಗೆ ಇದೊಂದು ದೊಡ್ಡ ಉಪಕಾರವಾಗಿ ಕಾಣುತ್ತಿತ್ತು. ಆ ಖಾತೆಯ ಪಾಸ್‌ವರ್ಡ್ ಇಟ್ಟವಳು ಸ್ವಪ್ನಾ. ಅದು ಗೊತ್ತಿದ್ದವರು ಗಂಡ ಹೆಂಡತಿ ಇಬ್ಬರೇ.

ಮಾನ್ವಿಯ ವೀರಭದ್ರಮ್ಮ ಫೋನು ಮಾಡಿದ್ದು ಒಂದು ಸೋಮವಾರ. ಅಕ್ಕಿ ಗಿರಣಿಯ ಮನೆತನ. ಗಂಡ ತೀರಿಕೊಂಡ ಮೇಲೆ ಮಗ ಪಂಪಾಪತಿ ಗಿರಣಿ ನೋಡಿಕೊಳ್ಳುತ್ತಾನೆ, ಮನೆ ಇವರದು. ನಾಲ್ಕು ತಿಂಗಳ ಹಿಂದೆ ಸ್ವಪ್ನಾಳೇ ಹೋಗಿ ನಾಲ್ಕು ಕ್ಯಾಮೆರಾ ಹಾಕಿ ಬಂದಿದ್ದಳು: ಗೇಟಿಗೊಂದು, ಹಿತ್ತಲಿಗೊಂದು, ನಡುಮನೆಗೊಂದು, ಮೆಟ್ಟಿಲಿಗೊಂದು. ನಡುಮನೆಯದು ಮೂರನೇ ನಂಬರಿನದು. ಅಡುಗೆಮನೆಯ ಬಾಗಿಲೂ ಕಾಣಬೇಕು, ಬಚ್ಚಲ ಬಾಗಿಲೂ ಕಾಣಬೇಕು ಎಂದು ವೀರಭದ್ರಮ್ಮ ಹಟ ಹಿಡಿದದ್ದಕ್ಕೆ ಮೂಲೆಯ ತೊಲೆಗೆ ಕೂರಿಸಿ ಎರಡನ್ನೂ ಸರಿಯಾಗಿ ಹಿಡಿಸಿ ಕೊಟ್ಟಿದ್ದಳು. ಕೈಕೆಲಸದಲ್ಲಿ ಅವಳು ಗಟ್ಟಿಗಿತ್ತಿ.

‘ಮೂರನೇದು ದಿನಾ ಮುಂಜಾನಿ ಕಣ್ಣು ಮುಚ್ಚತದ. ಬಂದು ನೋಡು ಬೇ’ ಎಂದಿದ್ದರು.

ಮರುದಿನ ಏಳರ ಬಸ್ಸಿಗೆ ಹೊರಟು ಎಂಟೂವರೆಗೆ ಸ್ವಪ್ನಾ ಆ ಮನೆಯ ಕಟ್ಟೆ ಹತ್ತಿದಳು. ವೀರಭದ್ರಮ್ಮನವರ ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ದಪ್ಪ ಹೆಂಗಸು, ಬಾಯಿ ಜೋರು. ಸ್ವಪ್ನಾಳನ್ನು ಕೂರಿಸಿಕೊಂಡು ಯಾವ ಮುಚ್ಚುಮರೆಯೂ ಇಲ್ಲದೆ ಶುರು ಮಾಡಿದರು.

‘ಕ್ಯಾಮೆರಾ ಕೆಟ್ಟಿಲ್ಲ ಬಿಡು. ನನ್ನ ಸೊಸಿ ಮುಚ್ಚತಾಳ. ಐದೂಮುಕ್ಕಾಲಿಗೆ ಬಟ್ಟಿ ಹಾಕ್ತಾಳ, ಆರೂಕಾಲಿಗೆ ತಗಿತಾಳ. ಯಾಕ ಅಂದ್ರ, ಲಿಂಗಪೂಜಿ ಅಂತ. ಐವತ್ತು ವರ್ಷದಿಂದ ನಾನೂ ಮಾಡಾಕತ್ತೀನಿ, ಹತ್ತು ಮಿನಿಟು ಸಾಕು. ಉಳದ ಇಪ್ಪತ್ತು ಮಿನಿಟು ಏನ್ ಮಾಡ್ತಾಳ?’

‘ಬಟ್ಟಿ ಹಾಕಬ್ಯಾಡ ಅಂತ ಹೇಳ್ರಲ್ಲ.’

‘ಹೆಂಗ ಹೇಳ್ಲಿ? ಕಂಡೋರ ಕಣ್ಣಿಗೆ ಲಿಂಗ ಬೀಳಬಾರದು ಅಂತ ಆಕಿಗೆ ಕಲಿಸಿದಾಕಿ ನಾನೇ. ಈಗ ನಾನೇ ಬಟ್ಟಿ ತಗಿ ಅಂದ್ರ ನನ್ನ ಮಾತಿಗೆ ಏನ್ ಬೆಲಿ ಉಳಿತದ?’

ಸ್ವಪ್ನಾ ನಡುಮನೆಯ ಕಡೆ ನೋಡಿದಳು. ಕ್ಯಾಮೆರಾದ ನೇರ ಕೆಳಗೆ ಮಣೆ, ವಿಭೂತಿ ಗಟ್ಟಿ, ಬಿಲ್ವಪತ್ರೆಯ ತಟ್ಟೆ ಇದ್ದವು. ‘ನೀವೂ ಅಲ್ಲೇ ಪೂಜಿ ಮಾಡ್ತೀರಲ್ರೀ?’

‘ಏಳಕ್ಕ. ಜಳಕ ಮಾಡಿ ಬಂದಾಕಿನ ಕುಂದರ್ತೀನಿ. ನನ್ನ ನೋಡೋರು ಯಾರು? ಹೊಟ್ಟ್ಯಾಗ ಹುಟ್ಟಿದ ಮಕ್ಕಳು. ಮಗಳು ಕವಿತಾಳದಾಗ ಕುಂತು ಮೊಬೈಲ್ ನೋಡಿ ಕೈ ಮುಗಿತಾಳ. ಯವ್ವಾ, ನಿನ್ನ ಅಂಗೈ ಮ್ಯಾಲಿನ ಲಿಂಗ ದಿನಾ ನನಗ ದರ್ಶನ ಆಗ್ತದ ಅಂತಾಳ.’ ಹೇಳುವಾಗ ಅವರ ಮುಖ ಅರಳಿತು.

ಅಷ್ಟರಲ್ಲಿ ತೊಲೆಯ ಮೂಲೆಯಿಂದ ಹೆಣ್ಣುದನಿಯೊಂದು ಗರಗರ ಎಂದಿತು. ‘ವೈನೀ, ಒಲಿ ಮ್ಯಾಲ ಹಾಲು ಅದ. ಬಾಗಲದಾಗ ಯಾಕ ನಿಂತಿ? ಹಾಲು ನೋಡು.’

ಸ್ವಪ್ನಾ ಬೆಚ್ಚಿದಳು. ಅಡುಗೆಮನೆಯ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ಸೊಸೆ ಐಶ್ವರ್ಯ ಬೆಚ್ಚಲಿಲ್ಲ. ‘ಹೂಂರಿ’ ಎಂದು ಗೋಡೆಗೇ ಉತ್ತರ ಕೊಟ್ಟು ಒಳಗೆ ಹೋದಳು. ಕವಿತಾಳದ ನಾದಿನಿ ಇಪ್ಪತ್ತು ಮೈಲಿ ದೂರದಿಂದ ಅಣ್ಣನ ಮನೆಯ ಹಾಲು ಕಾಯುತ್ತಿದ್ದಳು. ಕ್ಯಾಮೆರಾದಲ್ಲಿ ಮಾತಾಡುವ ಸೌಲಭ್ಯವಿದೆ, ಗೇಟಿನಲ್ಲಿ ಯಾರಾದರೂ ಬಂದರೆ ಕೇಳಬಹುದು ಎಂದು ಅಂದು ತಾನೇ ಹೊಗಳಿ ಹೇಳಿದ್ದು ಸ್ವಪ್ನಾಳಿಗೆ ನೆನಪಾಯಿತು. ಗೇಟಿಗೆ ಇಟ್ಟದ್ದನ್ನು ಇವರು ಹಾಲಿನ ಪಾತ್ರೆಗೆ ತಂದಿದ್ದರು.

‘ಪಂಪಾಪತಿನೂ ನೋಡ್ತಾನ,’ ವೀರಭದ್ರಮ್ಮ ಮುಂದುವರಿಸಿದರು. ‘ಗಿರಣಿ ಆಫೀಸಿನ ಟೀವಿಗೆ ಹಚ್ಚ್ಯಾನ. ಹತ್ತಕ್ಕ ಗಿರಣಿ ತಗದ್ರ ಮನಿ ಪೂರಾ ಅಲ್ಲೇ ಕಾಣ್ತದ.’

‘ಆಫೀಸಿಗೆ ವ್ಯಾಪಾರಸ್ಥರು ಬರ್ತಾರಲ್ರೀ.’

‘ಬಂದ್ರೇನು? ನಮ್ಮನಿ ಹೆಣ್ಮಗಳು ಕೆಲಸ ಮಾಡೋದು ನೋಡ್ತಾರ. ಕೆಲಸ ಮಾಡೋಕ ಏನು ನಾಚಿಕಿ?’

ಸ್ವಪ್ನಾಳಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಭತ್ತದ ದಲ್ಲಾಳಿಗಳು ಕಾಲ ಮೇಲೆ ಕಾಲು ಹಾಕಿ ಅಡಿಕೆ ಅಗಿಯುತ್ತ ಕೂತಿರುವುದು, ಗೋಡೆಯ ಟೀವಿಯಲ್ಲಿ ಈ ಹುಡುಗಿ ಬಗ್ಗಿ ನೆಲ ಒರೆಸುತ್ತಿರುವುದು ಕಣ್ಣಿಗೆ ಕಟ್ಟಿತು. ಥೂ ಎನ್ನಬೇಕೆನಿಸಿತು, ಎನ್ನಲಿಲ್ಲ. ಇಂಥ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಅವಳು ಒಂಬತ್ತು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದಳು.

ವೀರಭದ್ರಮ್ಮ ದನಿ ತಗ್ಗಿಸಿದರು. ‘ಕಾಣದಂಥಾ ಕ್ಯಾಮೆರಾ ಬಂದಾವಂತಲ್ಲ. ಗಡಿಯಾರದಾಗ, ಚಾರ್ಜರಿನ್ಯಾಗ. ಅಂಥಾದೊಂದು ಹಾಕು. ಆಕಿ ಇದಕ್ಕ ಬಟ್ಟಿ ಹಾಕ್ಲಿ, ಅದು ನೋಡ್ಲಿ. ನಿನ್ನ ಕೈಲಿ ಆಗಲಿಲ್ಲ ಅಂದ್ರ ಸಿಂಧನೂರಿಂದ ಒಬ್ಬಾವ ಬರ್ತೀನಿ ಅಂದಾನ.’

‘ಮೊದಲು ಇದನ್ನ ನೋಡ್ತೀನ್ರಿ’ ಎಂದು ಸ್ವಪ್ನಾ ಎದ್ದಳು. ಕ್ಯಾಮೆರಾದ ವೈರು ಎಳೆದು ಅದರ ಉಸಿರು ನಿಲ್ಲಿಸಿದಳು. ವೀರಭದ್ರಮ್ಮ ಹಾಲಿನವನ ಜೊತೆ ಜಗಳಕ್ಕೆ ಗೇಟಿಗೆ ಹೋದರು.

ಸ್ಟೂಲು ಹಿಡಿಯಲು ಐಶ್ವರ್ಯ ಬಂದಳು. ಬಾಗಲವಾಡದ ಹುಡುಗಿ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಮೇಲೆ ನೋಡಿ, ಕೆಂಪು ದೀಪ ಆರಿರುವುದನ್ನು ಖಾತ್ರಿ ಮಾಡಿಕೊಂಡು ಬಾಯಿ ಬಿಟ್ಟಳು.

‘ಅಕ್ಕಾ, ಬಂದ್ ಆಗ್ಯದೇನ್ರಿ ಖರೇವಂದ್ರೂ?’

‘ಆಗ್ಯದ. ಹೇಳು.’

‘ಆ ಅರ್ಧ ತಾಸು ನನಗ ಬಿಡ್ರಿ. ಬ್ಯಾರೆ ಏನೂ ಬ್ಯಾಡ.’

‘ಏನ್ ಮಾಡ್ತಿ ಆವಾಗ?’

ಹುಡುಗಿ ನಾಚಿಕೊಂಡಳು. ‘ಏನೂ ಮಾಡಂಗಿಲ್ರಿ. ಪೂಜಿ ಮುಗದ್ ಮ್ಯಾಲ ಸುಮ್ನ ಕುಂದರ್ತೀನಿ. ಕಾಲು ಚಾಚತೀನಿ. ಬೆನ್ನು ಕೆರಕೋತೀನಿ. ಒಮ್ಮೊಮ್ಮಿ ಬಾಯಿ ವಾರಿ ಮಾಡಿ ಎಲ್ಲಾರನ್ನೂ ಅಣಕಸ್ತೀನಿ. ನಿಮ್ಮ ಕೈ ಮುಗಿತೀನಿ, ಅತ್ತಿಗೆ ಹೇಳಬ್ಯಾಡ್ರಿ. ಮದಿವ್ಯಾಗಿ ಒಂದೂವರಿ ವರ್ಷ ಆತು, ಇವು ಬಂದು ನಾಕು ತಿಂಗಳು. ಮೊನ್ನಿ ನಿದ್ದ್ಯಾಗೂ ಸೆರಗು ಸರಿ ಮಾಡ್ಕೊಂಡೆ ಅಂತ ಇವರು ಹೇಳಿ ನಕ್ಕರು. ಯಾರೋ ನೋಡಾಕತ್ತಾರ ಅಂತ ಮೈ ಝುಂ ಅಂತದ್ರಿ ಯಾವಾಗ್ಲೂ.’

ಬೆನ್ನು ಕೆರೆದುಕೊಳ್ಳುವುದಕ್ಕೆ ಒಬ್ಬ ಹೆಣ್ಣುಮಗಳು ದೇವರನ್ನು ಅಡ್ಡ ಇಟ್ಟುಕೊಳ್ಳಬೇಕಾಗಿ ಬಂದಿತ್ತು. ಅದನ್ನೂ ಕಸಿಯಲು ತನ್ನನ್ನು ಬಸ್ಸು ಹತ್ತಿಸಿ ಕರೆಸಿದ್ದರು. ಸ್ವಪ್ನಾಳಿಗೆ ಈ ಮನೆಯ ಮೇಲೆ, ಆ ಗರಗರ ನಾದಿನಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಎರಡು ಬಾಗಿಲೂ ಚೆನ್ನಾಗಿ ಹಿಡಿಸಿಕೊಟ್ಟ ತನ್ನ ಕೈಯ ಮೇಲೆ ಹೇಸಿಗೆಯಾಯಿತು.

‘ಬಟ್ಟಿ ಹಾಕೋದು ಬಿಡು ಇನ್ಮ್ಯಾಲ,’ ಅವಳು ಹೇಳಿದಳು. ‘ನಾನೇ ಮುಚ್ಚಸ್ತೀನಿ.’

ಉಪಾಯ ಹೊಳೆದಿತ್ತು. ಕ್ಯಾಮೆರಾಗಳ ಚಿತ್ರ ತುಂಬಿಡುವ ಪೆಟ್ಟಿಗೆಯಲ್ಲೇ ಸಮಯ ಹೊಂದಿಸಿದರೆ ಮೂರನೇ ಕ್ಯಾಮೆರಾ ದಿನಾ ಐದೂಮುಕ್ಕಾಲಿಗೆ ತಾನಾಗಿ ಮಲಗಿ ಆರೂಕಾಲಿಗೆ ಏಳುತ್ತದೆ. ‘ಬಿಸಿ ಏರ್ತದ್ರಿ, ದಿನಾ ಅರ್ಧ ತಾಸು ತಣ್ಣಗ ಬಿಡಬೇಕು, ಇಲ್ಲಂದ್ರ ಸುಟ್ಟು ಹೋಗ್ತದ’ ಎಂದು ಗಂಭೀರವಾಗಿ ಹೇಳಿದರೆ ವೀರಭದ್ರಮ್ಮ ನಂಬುತ್ತಾರೆ. ಕಾಣದ ಕ್ಯಾಮೆರಾಕ್ಕೆ ಈ ಮನೆಯ ವೋಲ್ಟೇಜು ಸಾಲದು ಎಂದರಾಯಿತು. ಸುಳ್ಳು ಹೇಳುವುದರಲ್ಲಿ ಇಷ್ಟು ಸಮಾಧಾನ ಸಿಕ್ಕೀತೆಂದು ಅವಳು ಎಣಿಸಿರಲಿಲ್ಲ.

ಆ ಪೆಟ್ಟಿಗೆ ವೀರಭದ್ರಮ್ಮನವರ ಮಲಗುವ ಕೋಣೆಯ ಕಬ್ಬಿಣದ ಕಪಾಟಿನ ಮೇಲಿತ್ತು. ಸ್ವಪ್ನಾ ಅದಕ್ಕೆ ಮಾನಿಟರ್ ಜೋಡಿಸಿ ಅದರ ಒಳಹೊಕ್ಕಳು. ಬಟ್ಟೆ ಹಾಕುವ ಸಮಯ ನಿಮಿಷದ ಲೆಕ್ಕದಲ್ಲಿ ಬೇಕು, ಹಾಗಾಗಿ ಪೆಟ್ಟಿಗೆಯ ದಿನಚರಿ ತೆಗೆದಳು. ಯಾವ ಕ್ಯಾಮೆರಾಕ್ಕೆ ಯಾವಾಗ ಅಡ್ಡ ಬಂತು, ಕರೆಂಟು ಯಾವಾಗ ಹೋಯಿತು, ಯಾರು ಯಾವಾಗ ನೋಡಿದರು ಎಲ್ಲವನ್ನೂ ಅದು ಸಾಲುಸಾಲಾಗಿ ಬರೆದಿಡುತ್ತದೆ. ಇದನ್ನು ತೆಗೆದು ನೋಡುವ ಗಿರಾಕಿ ಇವತ್ತಿನವರೆಗೆ ಹುಟ್ಟಿಲ್ಲ.

ಐದು ನಲವತ್ನಾಲ್ಕು, ಮೂರನೇ ಕ್ಯಾಮೆರಾಕ್ಕೆ ಅಡ್ಡ. ಆರು ಹದಿನಾಲ್ಕು, ಅಡ್ಡ ತೆರವು. ಹಿಂದಿನ ದಿನವೂ ಹಾಗೇ. ಅವುಗಳ ಆಸುಪಾಸಿನಲ್ಲಿ ನೋಡಿದವರ ಹೆಸರುಗಳು: ಏಳಕ್ಕೆ ಕವಿತಾಳದ ಮಗಳು, ಹತ್ತಕ್ಕೆ ಗಿರಣಿಯ ಟೀವಿ, ಮಧ್ಯಾಹ್ನ ಪಂಪಾಪತಿಯ ಮೊಬೈಲು. ಇವೆಲ್ಲ ಅವಳೇ ಕೊಟ್ಟ ಹೆಸರುಗಳು. ಇನ್ನೊಂದಿತ್ತು.

ಅಂಗಡಿಯ ಖಾತೆ. ಬೆಳಿಗ್ಗೆ ಐದು ಇಪ್ಪತ್ತೆಂಟರಿಂದ ಐದು ನಲವತ್ತೈದು, ಮೂರನೇ ಕ್ಯಾಮೆರಾ. ಬಟ್ಟೆ ಬಿದ್ದ ಕೂಡಲೇ ಬಂದ್. ಮತ್ತೆ ಆರು ಐವತ್ತರಿಂದ ಏಳೂಕಾಲು, ಮೂರನೇ ಕ್ಯಾಮೆರಾ. ನಿನ್ನೆ. ಮೊನ್ನೆ. ಅದರ ಹಿಂದಿನ ದಿನ. ಸ್ವಪ್ನಾ ಬೆರಳು ಒತ್ತುತ್ತಲೇ ಹೋದಳು, ಸಾಲು ಮುಗಿಯಲಿಲ್ಲ. ಗೇಟಿನದು ಒಂದು ಸಲವೂ ಇಲ್ಲ, ಹಿತ್ತಲಿನದೂ ಇಲ್ಲ.

ಐದೂವರೆ ಐಶ್ವರ್ಯ ಜಳಕ ಮುಗಿಸಿ ಬಚ್ಚಲಿನಿಂದ ಬರುವ ಹೊತ್ತು. ಏಳು ವೀರಭದ್ರಮ್ಮ ಜಳಕ ಮುಗಿಸಿ ಬರುವ ಹೊತ್ತು. ಒದ್ದೆ ಸೀರೆ ಸುತ್ತಿಕೊಂಡು ಹೆಂಗಸರು ಹತ್ತು ಹೆಜ್ಜೆ ನಡುಮನೆ ದಾಟಲೇಬೇಕು.

ಇದ್ಯಾರೋ ಹೊರಗಿನವರು ಪಾಸ್‌ವರ್ಡ್ ಕದ್ದಿರಬೇಕು ಎಂದು ಅವಳು ಅರ್ಧ ನಿಮಿಷ ಗಟ್ಟಿಯಾಗಿ ನಂಬಲು ನೋಡಿದಳು. ನೋಡಿದ ಮೊಬೈಲು ಯಾವ ಕಂಪನಿಯದು, ಯಾವ ಮಾದರಿ ಎಂದೂ ಪೆಟ್ಟಿಗೆ ಬರೆದಿತ್ತು. ಅದೇ ಮಾದರಿಯ ಮೊಬೈಲನ್ನು ಕೊಟ್ರೇಶನಿಗೆ ದೀಪಾವಳಿಗೆ ಅವಳೇ ಕೊಡಿಸಿದ್ದಳು. ಬೆಳಿಗ್ಗೆ ಐದೂಕಾಲಿಗೆ ಎದ್ದು, ಕಿವಿಗೆ ವೈರು ಸಿಕ್ಕಿಸಿಕೊಂಡು, ಪ್ರಾಣಾಯಾಮ ಮಾಡುತ್ತೇನೆಂದು ಮಾಳಿಗೆ ಹತ್ತುವ ಗಂಡ. ಅವನಿಗೆ ಶಿಸ್ತು ಬಂದಿದೆ ಎಂದು ತವರಿನಲ್ಲಿ ಹೇಳಿಕೊಂಡು ಹಿಗ್ಗಿದ್ದಳು.

ತನ್ನ ಮೊಬೈಲಿನಲ್ಲಿ ಅಂಗಡಿಯ ಖಾತೆ ತೆರೆದು ಬೇರೆ ಮನೆಗಳ ಪೆಟ್ಟಿಗೆಗಳನ್ನೂ ಒಂದೊಂದಾಗಿ ನೋಡಿದಳು. ಅಂಗಡಿ, ಗೋದಾಮು, ಗೇಟು, ಯಾವುದಕ್ಕೂ ಅವನು ಹೋಗಿರಲಿಲ್ಲ. ಇದೂ ಸೇರಿ ಒಂಬತ್ತು ಮನೆಗಳ ಒಳಗಿನ, ಜಳಕದ ಕಡೆಯ ಕ್ಯಾಮೆರಾಗಳಿಗೆ ಮಾತ್ರ ಹೋಗಿದ್ದ. ಒಂಬತ್ತೂ ಅವಳು ಕೂರಿಸಿದವು. ಹೆಣ್ಣುಮಗಳೆಂದು ನಂಬಿ ಒಳಗೆ ಬಿಟ್ಟುಕೊಂಡ ಮನೆಗಳು. ಅವಳು ಏಣಿ ಹತ್ತಿ, ಕೋನ ನೋಡಿ, ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ರಾಯಚೂರಿಗೆ ಫೋನು ಹಚ್ಚಿ ಅವನನ್ನೇ ಕೇಳುತ್ತಿದ್ದಳು. ‘ಇನ್ನ ಸ್ವಲ್ಪ ಎಡಕ್ಕ’ ಎಂದು ಅವನು ಹೇಳಿದಂತೆ ತಿರುಗಿಸಿದ್ದಳು.

ಬಚ್ಚಲಿಗೆ ಓಡಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಾರಿಕೊಂಡಳು. ಮುಖ ತೊಳೆದಳು. ಸೋಪು ಹಚ್ಚಿ ಇನ್ನೊಮ್ಮೆ ತೊಳೆದಳು. ನಿನ್ನೆ ರಾತ್ರಿ ಅದೇ ಮನುಷ್ಯ ಅವಳ ತಲೆಗೆ ಎಣ್ಣೆ ಹಚ್ಚಿದ್ದ. ತಲೆಯನ್ನೂ ಹೀಗೇ ಬಚ್ಚಲಲ್ಲಿ ಕಳಚಿಟ್ಟು ತೊಳೆಯಲು ಬಂದಿದ್ದರೆ ಎನಿಸಿತು.

ಮತ್ತೆ ಪೆಟ್ಟಿಗೆಯ ಮುಂದೆ ಕೂತು ಮೊದಲು ಅಂಗಡಿಯ ಖಾತೆಯ ಪಾಸ್‌ವರ್ಡ್ ಬದಲಿಸಿದಳು. ಅಷ್ಟಕ್ಕೇ ಬಿಡಬಹುದಿತ್ತು. ಸಮಯ ಹೊಂದಿಸಿ, ಬಿಸಿ ಏರುವ ಸುಳ್ಳು ಹೇಳಿ, ಹತ್ತೂವರೆಯ ಬಸ್ಸಿಗೆ ಊರಿಗೆ ಹೋಗಿ ಗಂಡನನ್ನು ಮನೆಯೊಳಗೇ ವಿಚಾರಿಸಿಕೊಳ್ಳಬಹುದಿತ್ತು. ಅಂಗಡಿ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು, ಹುಡುಗಿಗೂ ಅವಳ ಅರ್ಧ ತಾಸು ಸಿಗುತ್ತಿತ್ತು. ಅವಳು ಹಾಗೇ ಮಾಡಲು ಎದ್ದಳು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ವೀರಭದ್ರಮ್ಮ ಗೇಟಿನ ಜಗಳ ಗೆದ್ದು ಒಳಗೆ ಬಂದಿದ್ದರು. ಸ್ವಪ್ನಾ ಬಿಸಿ ಏರುವ ಕತೆ ಹೇಳಿದಳು. ಅವರು ಪೂರ್ತಿ ಕೇಳಿದರು.

‘ಹಂಗಾರ ಅದು ಮಲಗಿದಾಗ ನೋಡಾಕರೆ ಇನ್ನೊಂದು ಬೇಕೇ ಬೇಕಾತಲ್ಲ,’ ಎಂದರು. ‘ಸಿಂಧನೂರಿನಾಂವಗ ಈಗ ಫೋನ್ ಹಚ್ಚತೀನಿ. ನಾಳಿ ಬರ್ಲಿ. ಎರಡು ಹಾಕ್ಲಿ.’

ಐಶ್ವರ್ಯ ಅಡುಗೆಮನೆಯ ಬಾಗಿಲಿಗೆ ಒರಗಿದ್ದಳು. ಸ್ವಪ್ನಾಳ ಕಡೆ ಒಮ್ಮೆ ನೋಡಿದಳು, ಅಷ್ಟೇ. ಇವಳ ಸುಳ್ಳಿನ ಆಯುಷ್ಯ ಎರಡು ನಿಮಿಷ. ನಾಳೆ ಇನ್ನೊಬ್ಬ ಬರುತ್ತಾನೆ, ಅವನಿಗೂ ಒಂದು ಖಾತೆ ಇರುತ್ತದೆ, ಅವನಿಗೂ ಒಂದು ಮೊಬೈಲು ಇರುತ್ತದೆ.

ಸ್ವಪ್ನಾ ವೈರನ್ನು ಮತ್ತೆ ಸಿಕ್ಕಿಸಿದಳು. ಮೂರನೇ ಕ್ಯಾಮೆರಾದ ಕೆಂಪು ದೀಪ ಹತ್ತಿತು.

‘ಅಮ್ಮಾರ, ಒಂದು ಮಾತು ಹೇಳ್ಬೇಕು. ಕುಂತು ಕೇಳ್ರಿ.’

‘ನಿಂತೇ ಕೇಳ್ತೀನಿ ಹೇಳು.’

‘ಈ ಕ್ಯಾಮೆರಾ ನಿಮ್ಮ ಮಗ, ಮಗಳು ಅಷ್ಟೇ ನೋಡಾಕತ್ತಿಲ್ಲ. ನನ್ನ ಗಂಡನೂ ನೋಡ್ಯಾನ. ನಾಕು ತಿಂಗಳಿಂದ, ದಿನಾ. ನಿಮ್ಮ ಸೊಸಿ ಜಳಕ ಮಾಡಿ ಬರೋ ಹೊತ್ತಿಗೊಮ್ಮೆ, ನೀವು ಜಳಕ ಮಾಡಿ ಪೂಜಿಗೆ ಕುಂದ್ರೋ ಹೊತ್ತಿಗೊಮ್ಮೆ. ಈಗ ನನಗ ಗೊತ್ತಾತು. ಪೆಟ್ಟಿಗ್ಯಾಗ ಬರದದ, ತೋರಸ್ತೀನಿ.’

ವೀರಭದ್ರಮ್ಮ ಬೈಯುತ್ತಾರೆ, ಕೈ ಎತ್ತುತ್ತಾರೆ ಎಂದುಕೊಂಡಿದ್ದಳು. ಅವರು ಎರಡೂ ಮಾಡಲಿಲ್ಲ. ಮುಖದ ರಕ್ತವೆಲ್ಲ ಇಳಿದುಹೋಗಿ ವಿಭೂತಿಯ ಪಟ್ಟೆಗೂ ಹಣೆಗೂ ವ್ಯತ್ಯಾಸ ಉಳಿಯಲಿಲ್ಲ. ಕೈ ಸೆರಗಿನೊಳಗೆ ಹೋಯಿತು, ಎದೆಯ ಮೇಲೆ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿಯಿತು.

‘ನನ್ನ ಲಿಂಗ ನೋಡಿದನೇನು?’

ಸ್ವಪ್ನಾ ಹೌದೆಂದು ತಲೆಯಾಡಿಸಿದಳು.

‘ನನ್ನ ಗಂಡಗೂ ತೋರಿಸಿದ್ದಿಲ್ಲ ನಾನು,’ ಎಂದರು. ‘ಅಂವಾ ಸಾಯೋತನಾ ನೋಡಿದ್ದಿಲ್ಲ.’ ಆಮೇಲೆ, ಅದು ಈಗಷ್ಟೇ ಹೊಳೆದವರಂತೆ, ತಮ್ಮ ಮೈಯನ್ನು ತಾವೇ ಕೆಳಗಿನವರೆಗೆ ನೋಡಿಕೊಂಡು ಸೆರಗನ್ನು ಎರಡು ಸುತ್ತು ಬಿಗಿದರು.

ಅದೇ ಹೊತ್ತಿಗೆ ತೊಲೆಯ ಮೂಲೆ ಮಾತಾಡಿತು. ಹತ್ತು ಗಂಟೆಯಾಗಿತ್ತು, ಗಿರಣಿ ತೆರೆದಿತ್ತು. ‘ಯವ್ವಾ, ಯಾಕ ಎಲ್ಲಾರೂ ನಡುಮನ್ಯಾಗ ನಿಂತೀರಿ? ಏನಾತು?’ ಪಂಪಾಪತಿಯ ದನಿ. ಅದರ ಹಿಂದೆ ಯಾರೋ ನಾಲ್ಕು ಜನ ಗಂಡಸರು ಏನಕ್ಕೋ ನಗುತ್ತಿದ್ದರು.

ವೀರಭದ್ರಮ್ಮ ತಲೆ ಎತ್ತಿ ಕ್ಯಾಮೆರಾವನ್ನು ನೋಡಿದರು. ನಾಲ್ಕು ತಿಂಗಳಲ್ಲಿ ಅವರು ಅದನ್ನು ಆ ರೀತಿ ನೋಡಿದ್ದು ಅದೇ ಮೊದಲು.

‘ಕಣ್ಣು ಮುಚ್ಚಲೇ!’ ಎಂದು ಅವರು ಕೂಗಿದ ರಭಸಕ್ಕೆ ತಟ್ಟೆಯ ಬಿಲ್ವಪತ್ರೆ ನೆಲಕ್ಕೆ ಬಿತ್ತು. ‘ಅಲ್ಲಿರೋ ಭಾಡ್ಯಾಗೋಳು ಎಲ್ಲಾ ಕಣ್ಣು ಮುಚ್ಚರಿ! ಟೀವಿ ಒಡದ್ ಹಾಕು! ಥೂ ನಿಮ್ಮ, ತಾಯಿನ್ನ ಸಂತ್ಯಾಗ ಕುಂದ್ರಿಸೀಯಲ್ಲೋ!’

ಸ್ವಪ್ನಾ ಬಿಚ್ಚಲೆಂದು ಸ್ಟೂಲಿನ ಕಡೆ ಹೋದಳು.

‘ನೀ ಕೈ ಹಚ್ಚಬ್ಯಾಡ. ಹೊರಗ ನಡಿ.’ ಅವರು ಸೊಸೆಯ ಕಡೆ ತಿರುಗಿದರು. ‘ಹತ್ತು. ಕಿತ್ತು ಹಾಕು.’

ಐಶ್ವರ್ಯ ಸ್ಟೂಲು ಹತ್ತಿ ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಕ್ಯಾಮೆರಾದ ಜೊತೆ ವೈರು, ವೈರಿನ ಜೊತೆ ಅರ್ಧ ಗೋಡೆಯ ಸುಣ್ಣ ಬಂತು. ಅವಳು ಗೆದ್ದಿದ್ದಳು. ಅರ್ಧ ತಾಸೇನು, ಇಡೀ ದಿನ ಅವಳದಾಗಿತ್ತು. ಆದರೆ ಸ್ವಪ್ನಾ ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟುವಾಗ ಸ್ಟೂಲಿನ ಮೇಲಿಂದಲೇ ಹೇಳಿದಳು, ‘ಅಕ್ಕಾ ಅಂದಿದ್ನಲ್ರಿ ನಿಮಗ.’ ಒಣಗಿದ ಹಲ್ಲಿಯ ಹಿಕ್ಕೆ ಕೈಗೆ ಹತ್ತಿದಾಗ ಸ್ವಪ್ನಾಳ ಮುಖ ಹೇಗಾಗುತ್ತಿತ್ತೋ ಆ ಹುಡುಗಿಯ ಮುಖ ಹಾಗಾಗಿತ್ತು.

ಮಾನ್ವಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಕೊಟ್ರೇಶನ ಫೋನು ಬಂತು. ಕೆಲಸ ಆಯಿತೇ, ತಿಂದೆಯಾ ಎಂದು ಅವನು ಕೇಳಲಿಲ್ಲ.

‘ಲೇ, ಆ್ಯಪ್ ಒಳಗ ಬಿಡವಲ್ದು. ಪಾಸ್‌ವರ್ಡ್ ಬದಲಿ ಮಾಡೀಯೇನು?’

‘ಯಾಕ? ಈಗ ಯಾವ ಮನಿ ಜಳಕದ ಹೊತ್ತು?’

ಅತ್ತ ಕಡೆಯಿಂದ ನಗು ಬಂತು. ಅವನು ನಕ್ಕದ್ದು ಅವಳಿಗೆ ಎಲ್ಲಕ್ಕಿಂತ ಹೊಲಸೆನಿಸಿತು. ‘ಏ ಹುಚ್ಚಿ, ಸರ್ವಿಸಿಗಂತ ನೋಡ್ತೀನಿ. ಒಮ್ಮೊಮ್ಮಿ ಕಣ್ಣು ಬೀಳ್ತದ. ಯಾರಿಗೇನು ನುಕ್ಸಾನ ಆತು ಹೇಳು? ಯಾರನ್ನರೆ ಮುಟ್ಟೀನೇನು ನಾನು? ಸುಮ್ನ ಮನಿಗೆ ಬಾ, ಕುಂತು ಮಾತಾಡೋಣು. ಊರ ತುಂಬ ಡಂಗುರ ಹೊಡದ್ರ ನಮ್ಮ ಅಂಗಡಿನೇ ಮುಳುಗ್ತದ.’

‘ಮುಳುಗ್ಲಿ’ ಎಂದು ಸ್ವಪ್ನಾ ಫೋನು ಇಟ್ಟಳು.

ರಾಯಚೂರಿನ ಬಸ್ಸು ಎದುರಿಗೆ ಬಂದು ನಿಂತಿತು, ಕಂಡಕ್ಟರ್ ಕೂಗಿದ, ತುಂಬಿಕೊಂಡು ಹೋಯಿತು. ಅವಳು ಹತ್ತಲಿಲ್ಲ. ಇನ್ನೂ ಎಂಟು ಮನೆಗಳಿದ್ದವು. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಏಣಿ ಹೊತ್ತು ಹೋದ ಬಾಗಿಲಿಗೆ ಹೋಗಿಯೇ ಹೇಳಬೇಕು. ಸಿರವಾರದ ಮೇಲೆ ಹೋಗುವ ದೇವದುರ್ಗದ ಬಸ್ಸು ಬಂದಾಗ ಎದ್ದು ಹತ್ತಿದಳು.

ದೇವದುರ್ಗದಲ್ಲಿ ಅಹಲ್ಯಾಬಾಯಿ ಎಂಬ ಮುದುಕಿಯ ಮನೆ. ಗಂಡ ಶೇಷಗಿರಿ ಮಾಸ್ತರರು ಹಾಸಿಗೆ ಹಿಡಿದಿದ್ದಾರೆ. ಕೋತಿಗಳು ಹಿತ್ತಲಿಗೆ ನುಗ್ಗಿ ತುಳಸಿ ಕಿತ್ತುಹಾಕುತ್ತವೆಂದು ಬಾವಿಕಟ್ಟೆಯ ಮೇಲೆ ಕಣ್ಣಿಡುವ ಕ್ಯಾಮೆರಾ ಹಾಕಿಸಿಕೊಂಡಿದ್ದರು. ಆ ಬಾವಿಯ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡು, ಒದ್ದೆಯುಟ್ಟೇ ಒಳಗೆ ಹೋಗಿ ಅಡುಗೆ ಮಾಡುವ ಹೆಂಗಸು ಅವರು. ಅವರ ಮನೆಯ ಪೆಟ್ಟಿಗೆಯಲ್ಲಿ ಅಂಗಡಿಯ ಖಾತೆಯ ಸಾಲುಗಳು ಕಳೆದ ಶ್ರಾವಣದಿಂದ ಇದ್ದವು.

ಸ್ವಪ್ನಾ ಬಾಗಿಲು ತಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಅಹಲ್ಯಾಬಾಯಿ ಒದ್ದೆ ಸೀರೆಯಲ್ಲೇ ಬಂದು ಬಾಗಿಲು ತೆರೆದರು. ಇವಳನ್ನು ಕಂಡು ಬೊಚ್ಚುಬಾಯಿ ತುಂಬ ನಕ್ಕರು, ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು ಕೈ ಅಡ್ಡ ಹಿಡಿದರು.

‘ಮಡೀಲೆ ಇದ್ದೀನವಾ, ಮುಟ್ಟಬ್ಯಾಡ. ಅಲ್ಲೇ ನಿಂತು ಹೇಳು, ಏನ್ ಬಂದಿ?’

ಸ್ವಪ್ನಾ ಅಲ್ಲೇ ನಿಂತು ಹೇಳಿದಳು.